ಸೈಕಲ್ಲಿನ ಬ್ರೇಕು: ಚಮಚದಿಂದ ಬಿಲ್ಲೆಯವರೆಗೆ

ಸೈಕಲ್ಲಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದು ಓಡಿದ ಕಥೆಯನ್ನು ಬರೆಯುತ್ತಾರೆ. ಮರದ ಗಾಲಿ ಹೋಗಿ ಕಬ್ಬಿಣದ ಗಾಲಿ ಬಂದುದು, ಆಳೆತ್ತರಕ್ಕೆ ಬೆಳೆದ ಮುಂಗಾಲಿ ಮತ್ತೆ ಕುಗ್ಗಿದುದು, ಸರಪಣಿ ಬಂದುದು, ಗಾಳಿ ತುಂಬಿದ ಟೈರು ಬಂದುದು, ಇವೆಲ್ಲ ವಿಸ್ತಾರವಾಗಿ ಸಿಕ್ಕುತ್ತವೆ. ನಿಂತ ಕಥೆಯನ್ನು ಮಾತ್ರ ಅಲ್ಲೊಂದು ಇಲ್ಲೊಂದು ವಾಕ್ಯವಾಗಿ ಹೆಕ್ಕಿಕೊಳ್ಳಬೇಕು. ಆದರೆ ಈ ಪ್ರತಿಯೊಂದು ಮಜಲಿನಲ್ಲಿಯೂ ಸವಾರನ ಹಲ್ಲು, ಮೂಳೆ, ಕೆಲವು ವೇಳೆ ಪ್ರಾಣವೇ ಒಂದು ಅಂಗೈ ಅಗಲದ ಸಲಕರಣೆಯನ್ನು ನಂಬಿಕೊಂಡಿತ್ತು. ಆ ಸಲಕರಣೆಯ ಹೆಸರು ಬ್ರೇಕು.

ಈಗ ಈ ಮಾತನ್ನು ಎತ್ತಲು ಕಾರಣವುಂಟು. ನಮ್ಮ ಪಟ್ಟಣಗಳ ಹುಡುಗರು ಇತ್ತೀಚೆಗೆ ಸವಾರಿ ಮಾಡುವ ಸೈಕಲ್ಲುಗಳಲ್ಲಿ ರಿಮ್ಮನ್ನು ಹಿಡಿಯುವ ರಬ್ಬರಿನ ಬ್ರೇಕು ಮಾಯವಾಗುತ್ತಿದೆ. ಅದರ ಬದಲು ಗಾಲಿಯ ನಡುವಿನ ಹಬ್ಬಿಗೆ ಉಕ್ಕಿನ ತೆಳುವಾದ, ತೂತು ತೂತಾದ ಒಂದು ಬಿಲ್ಲೆಯನ್ನು ಬಿಗಿದಿರುತ್ತಾರೆ. ಇದಕ್ಕೆ ಡಿಸ್ಕ್ ಅಥವಾ ರೋಟರ್ ಎಂದು ಹೆಸರು. ಹಿಂದೆ ಪುರಸಭೆಯವರು ತೆರಿಗೆ ಕಟ್ಟಿಸಿಕೊಂಡು ಸೈಕಲ್ಲಿಗೆ ಒಂದು ಬಿಲ್ಲೆ ಕೊಡುತ್ತಿದ್ದುದನ್ನು ಹಿರಿಯರು ಮರೆತಿರಲಾರರು. ಆ ಬಿಲ್ಲೆ ಇಲ್ಲದಿದ್ದರೆ ಪೇದೆ ನಿಲ್ಲಿಸುತ್ತಿದ್ದ. ಈ ಬಿಲ್ಲೆ ಇದ್ದರೆ ಸೈಕಲ್ಲು ನಿಲ್ಲುತ್ತದೆ. ಇರಲಿ. ಈಗಿನ ಹುಡುಗರಿಗೆ ಬಿಲ್ಲೆ ಇದ್ದರೆ ಸಾಲದು, ಅದು ದೊಡ್ಡದಾಗಿರಬೇಕು. ಕಂಪನಿಯವರು ಹಾಕಿ ಕೊಟ್ಟ 160 ಮಿಲಿಮೀಟರಿನ ಬಿಲ್ಲೆಯನ್ನು ಬಿಚ್ಚಿ 180ನ್ನು, 203ನ್ನು ಹಾಕಿಸುತ್ತಾರೆ. ಬಿಲ್ಲೆ ದೊಡ್ಡದಾದರೆ ಸೈಕಲ್ಲು ಬೇಗ ನಿಲ್ಲುತ್ತದೆಯೆ? ಇದು ಅಂಗಡಿಯವನನ್ನು ಕೇಳುವ ಪ್ರಶ್ನೆಯಂತೆ ಕಂಡರೂ, ಇದರ ಉತ್ತರ ಇನ್ನೂರು ವರ್ಷಗಳ ಚರಿತ್ರೆಯಲ್ಲಿ ಅಡಗಿದೆ ಎಂದು ನನಗೆ ತೋರುತ್ತದೆ.

1817ರ ಜೂನ್ 12ರಂದು ಕಾರ್ಲ್ ಫಾನ್ ಡ್ರೈಸ್ ಎಂಬಾತನು ಜರ್ಮನಿಯ ಮ್ಯಾನ್‌ಹೈಮ್ ಪಟ್ಟಣದಿಂದ ತನ್ನ ಎರಡು ಗಾಲಿಯ ಮರದ ಯಂತ್ರವನ್ನೇರಿ ಹೊರಟನು. ಅದಕ್ಕೆ ಪೆಡಲಿರಲಿಲ್ಲ. ಕುಳಿತು, ಕಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತ ಹೋಗಬೇಕಾಗಿತ್ತು. ಕಾಲು ನೆಲಕ್ಕೆ ಎಟಕುತ್ತಿದ್ದುದರಿಂದ ನಿಲ್ಲಿಸುವುದಕ್ಕೂ ಕಾಲೇ ಸಾಕೆಂದು ನಾವು ಊಹಿಸಬಹುದು. ಆದರೆ ಡ್ರೈಸ್ ಹಾಗೆ ಊಹಿಸಲಿಲ್ಲ. ಹಗ್ಗವನ್ನು ಎಳೆದರೆ ಹಿಂದಿನ ಗಾಲಿಯನ್ನು ಒತ್ತುವ ಒಂದು ಬ್ರೇಕನ್ನೂ ತನ್ನ ಯಂತ್ರಕ್ಕೆ ಅಳವಡಿಸಿದ್ದನು. ಪೆಡಲು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಬ್ರೇಕು ಹುಟ್ಟಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಪೆಡಲು ಬಂದುದು 1860ರ ದಶಕದಲ್ಲಿ, ಪ್ಯಾರಿಸಿನಲ್ಲಿ. ಮಿಶೋ ಎಂಬ ಕಮ್ಮಾರರ ಮನೆತನದ ಹೆಸರು ಅದಕ್ಕೆ ಅಂಟಿಕೊಂಡಿದೆ. ಪೆಡಲು ಮುಂದಿನ ಗಾಲಿಗೇ ನೇರವಾಗಿ ಸೇರಿಕೊಂಡಿತ್ತು. ಕಾಲು ನೆಲವನ್ನು ಬಿಟ್ಟಮೇಲೆ ಬ್ರೇಕಿನ ಜವಾಬ್ದಾರಿ ಹೆಚ್ಚಿತು. ಹ್ಯಾಂಡಲ್ಲಿನ ಹಿಡಿಯನ್ನು ತಿರುಚಿದರೆ ಹುರಿ ಸುತ್ತಿಕೊಂಡು, ಚಮಚದಾಕಾರದ ಒಂದು ಲೋಹದ ತುಂಡು ಹಿಂದಿನ ಗಾಲಿಯ ಮೇಲೆ ಕೂರುತ್ತಿತ್ತು. ಇದಕ್ಕೆ ಚಮಚದ ಬ್ರೇಕು ಎಂದೇ ಹೆಸರಾಯಿತು.

ಒಂದು ಸಲ ತುಳಿದರೆ ಗಾಲಿ ಒಂದೇ ಸುತ್ತು ಸುತ್ತುವುದರಿಂದ, ವೇಗ ಬೇಕೆನ್ನುವವನಿಗೆ ಗಾಲಿಯನ್ನು ದೊಡ್ಡದು ಮಾಡುವುದಲ್ಲದೆ ಬೇರೆ ಹಾದಿ ಇರಲಿಲ್ಲ. 1870ರ ದಶಕದಲ್ಲಿ ಮುಂಗಾಲಿ ಸವಾರನ ಎದೆಯವರೆಗೆ ಬೆಳೆಯಿತು. ಹಿಂಗಾಲಿ ತಟ್ಟೆಯಷ್ಟಕ್ಕೆ ಇಳಿಯಿತು. ಸವಾರನು ಹೆಚ್ಚುಕಡಮೆ ಮುಂದಿನ ಅಚ್ಚಿನ ಮೇಲೆಯೇ ಕುಳಿತಿರುತ್ತಿದ್ದನು. ಬ್ರೇಕಿನ ಚಮಚವೂ ಮುಂದಿನ ಗಾಲಿಗೇ ಬಂತು. ಪರಿಣಾಮವನ್ನು ಓದುಗರು ಊಹಿಸಬಲ್ಲರು. ಬ್ರೇಕನ್ನು ಮೆಲ್ಲಗೆ ಒತ್ತಿದರೆ ಗಾಡಿ ನಿಲ್ಲದು. ಗಟ್ಟಿಯಾಗಿ ಒತ್ತಿದರೆ ಗಾಲಿ ನಿಂತು ಸವಾರನು ಹ್ಯಾಂಡಲ್ಲಿನ ಮೇಲಿಂದ ತಲೆ ಕೆಳಗಾಗಿ ಹಾರಿ ಬೀಳುತ್ತಿದ್ದನು. ಇಳಿಜಾರಿನಲ್ಲಿ ಅನುಭವಸ್ಥರು ಕಾಲುಗಳನ್ನು ಹ್ಯಾಂಡಲ್ಲಿನ ಮೇಲೆ ಮುಂದಕ್ಕೆ ಚಾಚಿ ಕುಳಿತುಕೊಳ್ಳುತ್ತಿದ್ದರು. ಬೀಳುವುದು ತಪ್ಪದಿದ್ದರೂ ತಲೆಯ ಬದಲು ಕಾಲಾದರೂ ಮೊದಲು ನೆಲ ಮುಟ್ಟಲಿ ಎಂಬುದು ಅವರ ಲೆಕ್ಕ. ಇಂತಹ ಒಂದು ವಾಹನದ ಮೇಲೆ ಥಾಮಸ್ ಸ್ಟೀವನ್ಸ್ ಎಂಬಾತನು 1884ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ಗ್ರಾಂಡ್ ಟ್ರಂಕ್ ರಸ್ತೆಯನ್ನೂ ಸವೆಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಯೊಕೊಹಾಮಾ ಮುಟ್ಟಿದನು. ಅವನ ಕಾಲಿನ ಬಲಕ್ಕಿಂತ ನಿಲ್ಲಿಸುವುದರಲ್ಲಿ ಅವನಿಗಿದ್ದ ತಾಳ್ಮೆಯೇ ದೊಡ್ಡದೆಂದು ನನಗೆ ಅನ್ನಿಸುತ್ತದೆ.

ಎತ್ತರದ ಗಾಲಿಯ ಸವಾರರು ಹಲ್ಲು ಕೊಟ್ಟು ಕಲಿತ ಪಾಠ ಇದು: ಬ್ರೇಕಿನ ಬಲ ಒಂದು, ಆ ಬಲವನ್ನು ತಾಳಿಕೊಳ್ಳುವ ಗಾಡಿಯ ಶಕ್ತಿ ಇನ್ನೊಂದು. ಎರಡನೆಯದು ಇಲ್ಲದೆ ಮೊದಲನೆಯದನ್ನು ಹೆಚ್ಚಿಸಿದರೆ ಅಪಾಯವೇ ಹೆಚ್ಚುತ್ತದೆ. ಆದಕಾರಣ ನಿಲುಗಡೆಯ ಚರಿತ್ರೆಯಲ್ಲಿ ಬಹು ದೊಡ್ಡ ಸುಧಾರಣೆಯನ್ನು ಮಾಡಿದವನು ಬ್ರೇಕನ್ನು ಮುಟ್ಟಲೇ ಇಲ್ಲ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡು ಗಾಲಿಗಳನ್ನೂ ಹೆಚ್ಚುಕಡಮೆ ಸರಿಯಳತೆಗೆ ತಂದು, ಹಿಂದಿನ ಗಾಲಿಗೆ ಸರಪಣಿ ಹಾಕಿ, ಸವಾರನನ್ನು ಎರಡು ಗಾಲಿಗಳ ನಡುವೆ ತಗ್ಗಿನಲ್ಲಿ ಕೂರಿಸಿದನು. ‘ರೋವರ್’ ಎಂಬ ಈ ಗಾಡಿಯನ್ನು ಸೇಫ್ಟಿ ಬೈಸಿಕಲ್ಲು, ಎಂದರೆ ಕ್ಷೇಮದ ಸೈಕಲ್ಲು ಎಂದು ಕರೆದರು. ಇಂದಿಗೂ ನಾವು ಓಡಿಸುತ್ತಿರುವುದು ಅದೇ ವಿನ್ಯಾಸವನ್ನೇ.

ಮೂರು ವರ್ಷಗಳ ತರುವಾಯ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿ ತುಂಬಿದ ಟೈರನ್ನು ರೂಪಿಸಿದ ಕಥೆ ಶಾಲೆಯ ಪುಸ್ತಕಗಳಲ್ಲಿಯೂ ಉಂಟು. ಆ ಟೈರು ಹಳೆಯ ಬ್ರೇಕಿಗೆ ಕಂಟಕವಾದ ಕಥೆ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಗಟ್ಟಿ ರಬ್ಬರಿನ ಮೇಲೆ ಉಜ್ಜುತ್ತಿದ್ದ ಚಮಚ, ಗಾಳಿ ತುಂಬಿದ ತೆಳು ಟೈರಿನ ಮೇಲೆ ಉಜ್ಜಿದರೆ ಟೈರು ಎಷ್ಟು ದಿನ ಬಂದೀತು? ಆದ್ದರಿಂದ ಬ್ರೇಕು ಟೈರನ್ನು ಬಿಟ್ಟು ಅದರ ಕೆಳಗಿನ ಲೋಹದ ರಿಮ್ಮಿಗೆ ಇಳಿಯಬೇಕಾಯಿತು. ಹ್ಯಾಂಡಲ್ಲಿನಿಂದ ರಿಮ್ಮಿನವರೆಗೆ ಕೈಯ ಬಲವನ್ನು ಒಯ್ಯಲು ಕೆಲವರು ಉಕ್ಕಿನ ಕಂಬಿಗಳನ್ನು ಬಳಸಿದರು. 1896ರಲ್ಲಿ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಎಂಬಾತನು ಕೊಳವೆಯೊಳಗೆ ಜಾರುವ ತಂತಿಗೆ ಪೇಟೆಂಟು ಪಡೆದ ಮೇಲೆ, ಎಂತಹ ತಿರುವಿನಲ್ಲಾದರೂ ಬಾಗಿ ಹೋಗುವ ಕೇಬಲ್ಲು ಬಳಕೆಗೆ ಬಂತು.

ನಮ್ಮ ದೇಶ ಬಹುಕಾಲ ಕಂಬಿಯ ಬ್ರೇಕನ್ನೇ ನೆಚ್ಚಿಕೊಂಡಿತು. ಹರ್ಕ್ಯುಲಿಸ್, ರ‍್ಯಾಲೆ ಗಾಡಿಗಳು ಮೊದಲು ಹಡಗಿನಲ್ಲಿ ಬರುತ್ತಿದ್ದವು. ಸ್ವಾತಂತ್ರ್ಯಾನಂತರ 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೆಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಹುಟ್ಟಿಕೊಂಡವು. ಇವರೆಲ್ಲ ಲಕ್ಷಗಟ್ಟಲೆ ತಯಾರಿಸಿದ ಕಪ್ಪು ಬಣ್ಣದ ಗಟ್ಟಿ ಸೈಕಲ್ಲಿನಲ್ಲಿ, ಹ್ಯಾಂಡಲ್ಲಿನ ಕೆಳಗೆ ಸನ್ನೆಗಳೂ ಕಂಬಿಗಳೂ ಜೋಡಿಸಿದ್ದು, ಲಾಳಾಕಾರದ ಹಿಡಿಕೆಯೊಂದು ರಬ್ಬರಿನ ತುಂಡುಗಳನ್ನು ರಿಮ್ಮಿನ ಒಳಮೈಗೆ ಎಳೆದು ಒತ್ತುತ್ತಿತ್ತು. ಹಳ್ಳಿಯ ಕಮ್ಮಾರನೂ ರಿಪೇರಿ ಮಾಡಬಹುದಾದ ಸರಳ ವ್ಯವಸ್ಥೆ. ಅದರ ಶತ್ರು ಒಂದೇ: ಮಳೆ. ನುಣುಪಾದ ಉಕ್ಕಿನ ರಿಮ್ಮು ನೆನೆದರೆ ರಬ್ಬರು ಜಾರುತ್ತದೆ. ಗಾಲಿ ಕೆಲವು ಸುತ್ತು ಸುತ್ತಿ ನೀರನ್ನು ಒರೆಸಿಕೊಳ್ಳುವವರೆಗೆ ಬ್ರೇಕು ಇದ್ದೂ ಇಲ್ಲದಂತೆ. ಶ್ರಾವಣದ ಜಡಿಮಳೆಯಲ್ಲಿ ಇಳಿಜಾರು ರಸ್ತೆಯ ಕೊನೆಗೆ ಚಪ್ಪಲಿಕಾಲನ್ನು ನೆಲಕ್ಕೆ ಊರಿ ಸೈಕಲ್ಲು ನಿಲ್ಲಿಸಿದ ಅನುಭವ ನಮ್ಮಲ್ಲಿ ಎಷ್ಟು ಜನರಿಗಿಲ್ಲ! ಡ್ರೈಸನ ಕಾಲಕ್ಕೆ ಹಿಂದಿರುಗಿದಂತೆಯೇ ಸರಿ.

ಮಳೆಯ ತೊಂದರೆ ಇಲ್ಲದ ಒಂದು ಬ್ರೇಕು ಅಮೆರಿಕದಲ್ಲಿಯೂ ಜರ್ಮನಿಯಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ತಯಾರಾಗುತ್ತಿತ್ತು. ಅದು ಹಿಂದಿನ ಹಬ್ಬಿನೊಳಗೆ ಅಡಗಿರುತ್ತಿತ್ತು. ಪೆಡಲನ್ನು ಹಿಂದಕ್ಕೆ ತುಳಿದರೆ ಗಾಲಿ ನಿಲ್ಲುತ್ತಿತ್ತು. ನೀರಿಗೆ ಅದು ಅಂಜುತ್ತಿರಲಿಲ್ಲ, ಅಂಜುತ್ತಿದ್ದುದು ಕಾವಿಗೆ. ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದ ಕೆಲವರು ತರುಣರು ಹಳೆಯ, ದಪ್ಪ ಟೈರಿನ ಸೈಕಲ್ಲುಗಳನ್ನು ಟಮಾಲ್ಪಾಯಿಸ್ ಬೆಟ್ಟದ ಸುತ್ತಿನ ಮಣ್ಣುದಾರಿಗಳಲ್ಲಿ ಇಳಿಸುವ ಹವ್ಯಾಸ ಬೆಳೆಸಿಕೊಂಡರು. 1976ರ ಅಕ್ಟೋಬರ್ 21ರಂದು ಅವರು ಅಂತಹ ಒಂದು ಕಡಿದಾದ ದಾರಿಯಲ್ಲಿ ಪಂದ್ಯವನ್ನೇ ಏರ್ಪಡಿಸಿದರು. ಸುಮಾರು ಎರಡು ಮೈಲಿಯ ದಾರಿಯಲ್ಲಿ 1,300 ಅಡಿ ಇಳಿತ. ಕೆಳಗೆ ಮುಟ್ಟುವ ಹೊತ್ತಿಗೆ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗಿರುತ್ತಿತ್ತು. ಮತ್ತೆ ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬದೆ ಇನ್ನೊಮ್ಮೆ ಇಳಿಯುವಂತಿರಲಿಲ್ಲ. ಹೀಗೆ ಮರಳಿ ತುಂಬುವ ಕೆಲಸದಿಂದಲೇ ಆ ದಾರಿಗೆ ‘ರಿಪ್ಯಾಕ್’ ಎಂಬ ಹೆಸರು ಬಂತು. ಇಂದು ಜಗತ್ತಿನಾದ್ಯಂತ ಹರಡಿರುವ ಬೆಟ್ಟದ ಸೈಕಲ್ಲಿನ ಮೂಲಪುರುಷರು ಈ ತರುಣರೇ. ಅವರಲ್ಲಿ ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಇವರ ಹೆಸರು ಪ್ರಸಿದ್ಧ.

ಬ್ರೇಕೆಂದರೆ ನಿಜವಾಗಿ ಏನು ಎಂಬುದು ಈ ಹೊಗೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬ್ರೇಕು ವೇಗವನ್ನು ಅಳಿಸುವುದಿಲ್ಲ. ಅದನ್ನು ಶಾಖವನ್ನಾಗಿ ಮಾರ್ಪಡಿಸುತ್ತದೆ. ಸವಾರನೂ ಸೈಕಲ್ಲೂ ಸೇರಿ 90 ಕಿಲೋಗ್ರಾಂ ತೂಗುತ್ತಾರೆಂದು ಇಟ್ಟುಕೊಳ್ಳೋಣ. 400 ಮೀಟರು ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 3,50,000 ಜೂಲ್. ಒಂದು ಲೀಟರಿಗಿಂತ ತುಸು ಹೆಚ್ಚು ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಇದರಲ್ಲಿ ಒಂದು ಪಾಲನ್ನು ಎದುರುಗಾಳಿ ನುಂಗುತ್ತದೆ. ಉಳಿದುದೆಲ್ಲ ಬ್ರೇಕಿನ ಪಾಲು. ಅಂಜುತ್ತ ಮೆಲ್ಲಗೆ ಇಳಿಯುವವನ ಬ್ರೇಕಿಗೆ ಬೀಳುವ ಪಾಲು ಇನ್ನೂ ಹೆಚ್ಚು.

ಬಿಲ್ಲೆಯ ಬ್ರೇಕಿನ ವಂಶಾವಳಿ ಬೇರೆಯದು. ಅದು ಮೋಟಾರಿನ ಮನೆಯಿಂದ ಬಂದ ಸಂಬಂಧ. 1902ರಲ್ಲಿ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಮೋಟಾರು ಗಾಡಿಯ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದನು. ಲೋಹದ ಬಿಲ್ಲೆಯನ್ನು ತಾಮ್ರದ ತುಂಡುಗಳು ಹಿಡಿಯುತ್ತಿದ್ದುದರಿಂದ ಅದರ ಕಿರಿಚಾಟ ಅಸಹ್ಯವಾಗಿತ್ತಂತೆ. ಬಿಲ್ಲೆ ಐವತ್ತು ವರ್ಷ ಹೆಚ್ಚುಕಡಮೆ ಮೂಲೆಯಲ್ಲೇ ಉಳಿಯಿತು. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡನ್‌ಲಪ್ ಕಂಪನಿಯ ಡಿಸ್ಕ್ ಬ್ರೇಕು ಹಾಕಿದ ಜಾಗ್ವಾರ್ ಕಾರು ಗೆದ್ದಿತು. ಟೈರಿನಿಂದ ಚಮಚವನ್ನು ಓಡಿಸಿದ ಡನ್‌ಲಪ್ ಹೆಸರೇ ಬಿಲ್ಲೆಯನ್ನು ಮೆರೆಸಿದುದು ಒಂದು ವಿನೋದ. 1955ರ ಸಿತ್ರೊಯೆನ್ ಡಿ.ಎಸ್. ಕಾರಿನ ಮುಂಗಾಲಿಗಳಿಗೂ, 1969ರ ಹೋಂಡಾ ಸಿ.ಬಿ. 750 ಮೋಟಾರ್ ಸೈಕಲ್ಲಿನ ಮುಂಗಾಲಿಗೂ ಬಿಲ್ಲೆ ಬಂತು. ಬೈಸಿಕಲ್ಲಿಗೆ 1970ರ ದಶಕದಲ್ಲಿಯೇ ಪ್ರಯತ್ನಗಳು ನಡೆದರೂ ಅದು ನೆಲೆ ನಿಂತುದು 1990ರ ದಶಕದ ಕೊನೆಯಲ್ಲಿ, ಬೆಟ್ಟದ ಸೈಕಲ್ಲುಗಳ ಮೂಲಕ.

ರಸ್ತೆಯ ಪಂದ್ಯದವರು ಇನ್ನೂ ತಡಮಾಡಿದರು. 2016ರ ಏಪ್ರಿಲ್‌ನಲ್ಲಿ ಪ್ಯಾರಿಸ್-ರೂಬೆ ಪಂದ್ಯದಲ್ಲಿ ಗುಂಪಿಗೆ ಗುಂಪೇ ಬಿದ್ದಾಗ, ಸ್ಪೇನಿನ ಫ್ರಾನ್ಸಿಸ್ಕೊ ವೆಂತೊಸೊ ತನ್ನ ಕಾಲು ಇನ್ನೊಬ್ಬರ ಬಿಲ್ಲೆಯಿಂದಲೇ ಸೀಳಿತೆಂದು ದೂರಿದನು. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಪ್ರಯೋಗವನ್ನು ಸ್ವಲ್ಪಕಾಲ ನಿಲ್ಲಿಸಿತು. ಬಿಲ್ಲೆಯ ಅಂಚನ್ನು ದುಂಡಗೆ ಮಾಡಬೇಕೆಂದು ವಿಧಿಸಿ 2017ರಲ್ಲಿ ಪ್ರಯೋಗವನ್ನು ಮುಂದುವರಿಸಿ, 2018ರ ಜುಲೈ 1ರಿಂದ ಪೂರ್ಣ ಅನುಮತಿ ಕೊಟ್ಟಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ರಿಮ್ ಬ್ರೇಕೂ ಒಂದು ಬಗೆಯ ಬಿಲ್ಲೆಯ ಬ್ರೇಕೇ ಅಲ್ಲವೆ? ಅಲ್ಲಿ ರಿಮ್ಮೇ ಬಿಲ್ಲೆ; ಅದರ ವ್ಯಾಸ 600 ಮಿಲಿಮೀಟರಿಗೂ ಮೇಲೆ. 160 ಮಿಲಿಮೀಟರಿನ ಬಿಲ್ಲೆ ಅದಕ್ಕೆ ಸಮನಾಗಬೇಕಾದರೆ ಸುಮಾರು ನಾಲ್ಕರಷ್ಟು ಬಲದಿಂದ ಹಿಡಿಯಬೇಕು. ದೊಡ್ಡದೇ ಉತ್ತಮವೆನ್ನುವುದಾದರೆ ರಿಮ್ಮನ್ನು ಬಿಟ್ಟು ಬಂದುದೇ ತಪ್ಪಾಯಿತು! ಆದರೆ ಎಂಜಿನಿಯರುಗಳು ಬೇಕೆಂದೇ ಚಿಕ್ಕದಕ್ಕೆ ಬಂದರು. ಹಬ್ಬಿನ ಬಳಿ ಕೆಸರು ನೀರು ಕಡಮೆ. ಗಾಲಿ ಸೊಟ್ಟಗಾದರೂ ಬಿಲ್ಲೆ ನೆಟ್ಟಗಿರುತ್ತದೆ. ಕಾವು ಟೈರಿಗೆ ತಟ್ಟುವುದಿಲ್ಲ. ಬಿಲ್ಲೆ ನೆನೆದರೂ ಬಲವಾಗಿ ಒತ್ತುವ ಪ್ಯಾಡುಗಳು ನೀರನ್ನು ಕೂಡಲೆ ಹಿಂಡಿ ತೆಗೆಯುತ್ತವೆ. ನಾಲ್ಕರಷ್ಟು ಬಲವನ್ನು ಕೊಳವೆಯೊಳಗಿನ ಎಣ್ಣೆಯ ಒತ್ತಡದಿಂದ ಸುಲಭವಾಗಿ ಪಡೆಯಬಹುದು.

ಹಾಗಾದರೆ 160ರಿಂದ 180ಕ್ಕೆ ಏರಿದವನಿಗೆ ದೊರೆಯುವುದೇನು? ಬೆರಳಿನ ಬಲ ಅಷ್ಟೇ ಇದ್ದರೂ ಗಾಲಿಯನ್ನು ತಡೆಯುವ ಬಲ ಶೇಕಡ 12ರಷ್ಟು ಹೆಚ್ಚುತ್ತದೆ. 203ಕ್ಕೆ ಏರಿದರೆ ಶೇಕಡ 27ರಷ್ಟು. ಲೋಹ ಹೆಚ್ಚಾದುದರಿಂದ, ಗಾಳಿಗೆ ಒಡ್ಡಿದ ಮೈ ಹೆಚ್ಚಾದುದರಿಂದ ಕಾವು ಕಡಮೆಯಾಗುತ್ತದೆ. ನೂರು ನೂರೈವತ್ತು ಗ್ರಾಂ ತೂಕದ ಉಕ್ಕಿಗೆ ಇದು ಸಣ್ಣ ಉಪಕಾರವಲ್ಲ. ಉದ್ದನೆಯ ಘಾಟಿಯಲ್ಲಿ ಬಿಲ್ಲೆ ನೀಲಿಗಟ್ಟುವುದು, ಪ್ಯಾಡು ಹಿಡಿತ ಬಿಡುವುದು, ಒಮ್ಮೊಮ್ಮೆ ಎಣ್ಣೆ ಕುದಿದು ಹಿಡಿಕೆ ಸೋತುಹೋಗುವುದು, ಇವನ್ನು ದೊಡ್ಡ ಬಿಲ್ಲೆ ದೂರ ಇಡುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಒಂದು ಎಮ್ಮೆ ಅಡ್ಡ ಬಂದಾಗ ಮಾತ್ರ ದೊಡ್ಡ ಬಿಲ್ಲೆ ಹೆಚ್ಚಿನದೇನನ್ನೂ ಮಾಡಲಾರದು. ಸವಾರನ ಭಾರ ಎತ್ತರದಲ್ಲಿರುವುದರಿಂದ, ವೇಗವನ್ನು ಗುರುತ್ವದ ಸುಮಾರು ಅರ್ಧಕ್ಕಿಂತ ಹೆಚ್ಚಿನ ದರದಲ್ಲಿ ಇಳಿಸಹೋದರೆ ಹಿಂಗಾಲಿ ಮೇಲೇಳುತ್ತದೆ. ಎತ್ತರದ ಗಾಲಿಯವರ ಹಳೆಯ ಪಲ್ಟಿಯೇ ಮತ್ತೆ ಒದಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಿಂದ ನಿಲ್ಲಲು ಕಡಮೆಯೆಂದರೂ 7 ಮೀಟರು ಬೇಕು. 60ರಿಂದ ನಿಲ್ಲಲು 28 ಮೀಟರು. ಕೈ ಬ್ರೇಕಿಗೆ ಹೋಗುವವರೆಗಿನ ದೂರ ಇದರ ಮೇಲೆ. ಒಳ್ಳೆಯ ಸ್ಥಿತಿಯಲ್ಲಿರುವ 160ರ ಬಿಲ್ಲೆ ಈ ಎಲ್ಲೆಯನ್ನು ಆಗಲೇ ಮುಟ್ಟಿರುತ್ತದೆ. 203 ಹಾಕಿದವನು ಆ ಎಲ್ಲೆಯನ್ನು ಒಂದು ಬೆರಳಿನಲ್ಲಿ ಮುಟ್ಟಬಹುದು, ಅಷ್ಟೆ.

ನನ್ನ ತಮ್ಮನ ಮಗನೊಬ್ಬನುಂಟು. ಭಾನುವಾರ ನಸುಕಿನಲ್ಲೆದ್ದು ನಂದಿ ಬೆಟ್ಟಕ್ಕೆ ಸೈಕಲ್ಲು ತುಳಿಯುವ ಬೆಂಗಳೂರಿನ ಮಂದಿಯಲ್ಲಿ ಅವನೂ ಸೇರಿದ್ದಾನೆ. ಒಂದು ದಿನ ಬಂದು, “ದೊಡ್ಡಪ್ಪ, ಇಳೀಬೇಕಾದ್ರೆ ಬ್ರೇಕು ಹಿಡೀಲೇ ಇಲ್ಲ. ಇನ್ನೂರಮೂರು ಹಾಕಿಸಿಬಿಡ್ತೀನಿ” ಎಂದನು.

“ಮೊದಲು ಪ್ಯಾಡು ತೆಗೆದು ತೋರಿಸಪ್ಪ” ಎಂದೆ.

ತೆಗೆದು ನೋಡಿದರೆ ಪ್ಯಾಡು ಸವೆದು ತಗಡಿಗೆ ಬಂದಿತ್ತು. ಸರಪಣಿಗೆ ಬಿಟ್ಟ ಎಣ್ಣೆ ಸಿಡಿದು ಬಿಲ್ಲೆಯ ಮೇಲೆಲ್ಲ ಜಿಡ್ಡು. “ನೀವು ಹೇಳೋದು ಸರಿ, ಆದ್ರೆ ಎಲ್ಲರೂ ದೊಡ್ಡದನ್ನೇ ಹಾಕ್ಸಿದಾರೆ” ಎಂದು ಅವನು ಗೊಣಗಿದನು. ಬಿಲ್ಲೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಹೊಸ ಪ್ಯಾಡು ಹಾಕಿ, ಮನೆಯ ಮುಂದಿನ ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಸಲ ಓಡಿಸಿ ಮೆಲ್ಲಗೆ ಬ್ರೇಕು ಹಿಡಿದು ಪಳಗಿಸಿದನು. ಮುಂದಿನ ವಾರ 160ರ ಬಿಲ್ಲೆಯಲ್ಲಿಯೇ ಕ್ಷೇಮವಾಗಿ ಇಳಿದು ಬಂದನು.

ದೊಡ್ಡದನ್ನು ಹಾಕಿಸಲೇಬಾರದೆಂದು ನನ್ನ ವಾದವಲ್ಲ. ಸವಾರನು ಭಾರವಾಗಿದ್ದರೆ, ಸಾಮಾನು ಹೇರಿದ್ದರೆ, ಘಾಟಿಗಳಲ್ಲೇ ಓಡಾಟವಾದರೆ ಹಾಕಿಸುವುದು ಒಳ್ಳೆಯದೇ. ಆದರೆ ಬ್ರೇಕಿನ ಬಲವೆಲ್ಲ ಫೋರ್ಕಿನ ಎಡಗಾಲಿನ ತುದಿಗೆ ಬೀಳುತ್ತದೆ. ಫೋರ್ಕು ಮಾಡಿದವರು ಎಷ್ಟರವರೆಗೆ ಎಂದು ಹೇಳಿದ್ದಾರೋ ಅದನ್ನು ಮೀರಕೂಡದು. ಹಿಡಿಯುವ ಕ್ಯಾಲಿಪರನ್ನು ಮೇಲಕ್ಕೆ ಸರಿಸುವ ಅಡಾಪ್ಟರು ಬೇಕು. ಬಿಲ್ಲೆಯಲ್ಲಿ ಆರು ಬೋಲ್ಟಿನದೊಂದು ಜಾತಿ, ಹಲ್ಲುಗಳ ಮೇಲೆ ಕೂರಿಸಿ ಬಿಗಿಯುವ ಇನ್ನೊಂದು ಜಾತಿ ಉಂಟು. ಹಬ್ಬಿಗೆ ಯಾವುದು ಹೊಂದುವುದೆಂದು ನೋಡಬೇಕು. ಕೆಲವು ಅಗ್ಗದ ಬಿಲ್ಲೆಗಳ ಮೇಲೆ ರೆಸಿನ್ ಪ್ಯಾಡು ಮಾತ್ರ ಎಂದು ಕೆತ್ತಿರುತ್ತಾರೆ. ಅವಕ್ಕೆ ಲೋಹದ ಪ್ಯಾಡು ಹಾಕಿದರೆ ಬೇಗ ಸವೆದುಹೋಗುತ್ತವೆ. ಬಿಲ್ಲೆಯ ದಪ್ಪ ಹೊಸದರಲ್ಲಿ ಸುಮಾರು 1.8 ಮಿಲಿಮೀಟರು, ಸವೆದು 1.5ಕ್ಕೆ ಇಳಿದರೆ ಬದಲಾಯಿಸತಕ್ಕದ್ದು. ದೊಡ್ಡ ಬಿಲ್ಲೆ ಬೇಗ ಬಾಗುತ್ತದೆ, ಬಾಗಿದರೆ ಕಿರುಚುತ್ತದೆ. ಲ್ಯಾಂಚೆಸ್ಟರನ ಕಾಲದ ಆ ದೂರು ಇನ್ನೂ ಪೂರ್ತಿ ತೀರಿಲ್ಲ.

ಚರಿತ್ರೆಯನ್ನು ಒಟ್ಟಿಗೆ ನೋಡಿದಾಗ ನನಗೆ ಕಾಣುವುದು ಇದು. ಪ್ರತಿಯೊಂದು ಕಾಲದಲ್ಲಿಯೂ ಬ್ರೇಕು ಸೋತುದು ಬೇರೆ ಬೇರೆ ಜಾಗದಲ್ಲಿ. ಒಮ್ಮೆ ಗಾಲಿಯ ಎತ್ತರದಲ್ಲಿ, ಒಮ್ಮೆ ಟೈರಿನಲ್ಲಿ, ಒಮ್ಮೆ ನೆನೆದ ರಿಮ್ಮಿನಲ್ಲಿ, ಒಮ್ಮೆ ಸುಟ್ಟ ಗ್ರೀಸಿನಲ್ಲಿ. ಸೋತ ಜಾಗವನ್ನು ಸರಿಯಾಗಿ ಗುರುತಿಸಿದವರು ಸುಧಾರಣೆ ಮಾಡಿದರು. ಈಗ ಬಿಲ್ಲೆಯನ್ನು ಬದಲಾಯಿಸಹೊರಟವನೂ ತನ್ನ ಗಾಡಿ ಸೋಲುತ್ತಿರುವುದೆಲ್ಲಿ ಎಂದು ಮೊದಲು ಕೇಳಿಕೊಳ್ಳುವುದು ಲೇಸು.

ಇನ್ನೊಂದು ಮಾತು. ನಂದಿ ಬೆಟ್ಟವನ್ನು ಭಾನುವಾರ ಇಳಿಯುವವನಿಗೆ ಒಳ್ಳೆಯ ಬ್ರೇಕಿದೆ. ಮಳೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವನು, ರಾತ್ರಿ ಪಾಳಿ ಮುಗಿಸಿ ಲಾರಿಗಳ ನಡುವೆ ಮನೆಗೆ ಮರಳುವ ಕಾವಲುಗಾರ, ಇಂತಹವರಲ್ಲಿ ಎಷ್ಟೋ ಮಂದಿ ಇಂದಿಗೂ ಕಂಬಿಯ ಬ್ರೇಕನ್ನೂ ಸವೆದ ರಬ್ಬರನ್ನೂ ನಂಬಿಕೊಂಡಿದ್ದಾರೆ. ಅವರಿಗೆ 203 ಮಿಲಿಮೀಟರಿನ ಬಿಲ್ಲೆ ಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ನಾಲ್ಕು ಹೊಸ ಬ್ರೇಕ್ ರಬ್ಬರು ಹಾಕಿಸಿ, ಸಡಿಲಾದ ಕಂಬಿಗಳನ್ನು ಬಿಗಿಸಿಕೊಟ್ಟರೆ ಸಾಕು. ನಮ್ಮ ಮನೆಗೆ ಹಾಲು ತರುವವನ ಸೈಕಲ್ಲನ್ನು ಒಮ್ಮೆ ನಿಲ್ಲಿಸಿ ನೋಡುವುದು ಹೆಚ್ಚು ಹೊತ್ತಿನ ಕೆಲಸವೂ ಅಲ್ಲ, ಹೆಚ್ಚು ಖರ್ಚಿನದೂ ಅಲ್ಲ.